ಫುಟ್‌ಪಾತಿನ ಮೇಲಿನ ಜಗಳ, ಕೆಳಗಿನ ಕೆಲಸ

ಬೆಂಗಳೂರಿನ ಸೇಂಟ್ ಮಾರ್ಕ್ಸ್ ರಸ್ತೆಯ ಅಗಲ ಫುಟ್‌ಪಾತಿನ ಕೆಳಗೆ ಮಳೆನೀರಿನ ಮೋರಿ ಇದೆ. ಬೆಸ್ಕಾಂ ಕೇಬಲ್ಲಿಗೊಂದು ಕೊಳವೆ, ಇಂಟರ್‌ನೆಟ್ ತಂತಿಗಳಿಗೆ ಇನ್ನೊಂದು, ಜಲಮಂಡಳಿಯ ಪೈಪುಗಳಿಗೆ ಅವುಗಳದೇ ಜಾಗ, ನಡುನಡುವೆ ಚೇಂಬರುಗಳು. ಯಾರಿಗಾದರೂ ಹೊಸ ತಂತಿ ಎಳೆಯಬೇಕಿದ್ದರೆ ಚೇಂಬರಿನ ಮುಚ್ಚಳ ತೆಗೆದು ಕೊಳವೆಯೊಳಗೆ ತೂರಿಸಿದರಾಯಿತು, ರಸ್ತೆ ಅಗೆಯುವ ಪ್ರಮೇಯವಿಲ್ಲ. ಸುಮಾರು ಹತ್ತು ವರ್ಷಗಳ ಹಿಂದೆ ‘ಟೆಂಡರ್‌ಶ್ಯೂರ್’ ಎಂಬ ಹೆಸರಿನಲ್ಲಿ ಊರಿನ ನಡುಭಾಗದ ಏಳು ರಸ್ತೆಗಳನ್ನು ಮರುನಿರ್ಮಿಸಿದಾಗ ಆದ ಮುಖ್ಯ ಕೆಲಸ ಇದೇ. ಆದರೆ ಅದರ ಸುತ್ತ ನಡೆದ ಜಗಳವೆಲ್ಲ ನೆಲದ ಮೇಲಿನದು. ಫುಟ್‌ಪಾತ್ ಇಷ್ಟು ಅಗಲ ಯಾಕೆ, ಗಾಡಿ ಓಡುವ ಜಾಗ ಇಷ್ಟು ಕಿರಿದು ಯಾಕೆ, ಗ್ರಾನೈಟಿಗೆ ಇಷ್ಟು ದುಡ್ಡು ಯಾಕೆ, ತಳ್ಳುಗಾಡಿಯವನು ಎಲ್ಲಿಗೆ ಹೋಗಬೇಕು.

ಈ ಪ್ರಶ್ನೆಗಳಲ್ಲಿ ಒಂದೂ ಹುಸಿಯಲ್ಲ. ಆದರೆ ಕೇಳುವವರೂ ಉತ್ತರಿಸುವವರೂ ಹೆಚ್ಚಿನ ಸಲ ಒಂದೇ ವಿಷಯ ಮಾತಾಡುತ್ತಿರುವುದಿಲ್ಲ.

ಮೊದಲು ಪರವಾದ ವಾದ. ಅದರಲ್ಲಿ ಭಾವನೆಗಿಂತ ಲೆಕ್ಕ ಹೆಚ್ಚಿದೆ. ಟೆಂಡರ್‌ಶ್ಯೂರ್ ಎಂದರೆ ರಸ್ತೆ ಟೆಂಡರ್ ಕರೆಯುವಾಗ ಯಾವ ಪದರ ಎಷ್ಟು ದಪ್ಪ, ಯಾವ ಪೈಪು ಎಷ್ಟು ಆಳ, ಲೇನ್ ಎಷ್ಟು ಅಗಲ ಎಂದು ಮೊದಲೇ ಬರೆದಿಡುವ ಕ್ರಮ. ಜನ ಅರ್ಬನ್ ಸ್ಪೇಸ್ ಎಂಬ ಸಂಸ್ಥೆ ಇದನ್ನು ರೂಪಿಸಿತು. ರೆಸಿಡೆನ್ಸಿ, ರಿಚ್ಮಂಡ್, ಮ್ಯೂಸಿಯಂ, ಕಮಿಸರಿಯೆಟ್, ಸೇಂಟ್ ಮಾರ್ಕ್ಸ್, ಕನ್ನಿಂಗ್‌ಹ್ಯಾಮ್, ವಿಠಲ್ ಮಲ್ಯ ರಸ್ತೆಗಳು ಮೊದಲ ಕಂತಿಗೆ ಸಿಕ್ಕಿದವು. ಅದಕ್ಕೆ ಮುಂಚೆ ಇದೇ ರಸ್ತೆಗಳು ಒಂದು ಕಡೆ ಐದು ಗಾಡಿ ಹಿಡಿಸುವಷ್ಟು ಅಗಲವಿದ್ದು, ನೂರು ಮೀಟರ್ ದಾಟಿದರೆ ಮೂರಕ್ಕೆ ಕುಗ್ಗುತ್ತಿದ್ದವು. ಐದು ಸಾಲು ಮೂರಾಗುವ ಕಡೆ ಎಲ್ಲರೂ ನಿಲ್ಲಲೇಬೇಕು. ಹಾಗಾಗಿ ರಸ್ತೆಯ ಸಾಮರ್ಥ್ಯ ಮೊದಲಿನಿಂದ ಕೊನೆಯವರೆಗೆ ಮೂರೇ ಸಾಲಿನದು, ಮಿಕ್ಕ ಅಗಲ ಗಾಡಿ ನಿಲ್ಲಿಸಲಿಕ್ಕೆ, ಇಲ್ಲವೇ ನುಗ್ಗಾಟಕ್ಕೆ. ಆ ಹೆಚ್ಚುವರಿ ಜಾಗವನ್ನು ಫುಟ್‌ಪಾತಿಗೆ ಕೊಟ್ಟು ಉದ್ದಕ್ಕೂ ಒಂದೇ ಅಗಲದ ಲೇನ್ ಉಳಿಸಿದರೆ ವಾಹನಗಳಿಗೆ ನಿಜದಲ್ಲಿ ನಷ್ಟವಾಗುವುದು ಕಡಿಮೆ. ಕಾರಿನ ಗಾಜಿನಿಂದ ನೋಡುವವರಿಗೆ ಇದು ನಂಬಲಾಗದ ಮಾತು. ಕಾಗದದ ಮೇಲೆ ಮಾತ್ರ ಇದನ್ನು ಅಲ್ಲಗಳೆಯುವುದು ಕಷ್ಟ.

ಎರಡನೆಯ ಲೆಕ್ಕ ಸಾವಿನದು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ರಸ್ತೆಗಳಲ್ಲಿ ಸತ್ತವರಲ್ಲಿ ಮೂರರಲ್ಲೋ ನಾಲ್ಕರಲ್ಲೋ ಒಬ್ಬರು ನಡೆದು ಹೋಗುತ್ತಿದ್ದವರು. ನಮ್ಮ ಬಡಾವಣೆಗಳ ಫುಟ್‌ಪಾತ್ ಎಂದರೆ ಮೋರಿಯ ಮೇಲೆ ಹೊದಿಸಿದ ಕಲ್ಲುಚಪ್ಪಡಿ. ಒಂದು ಮೇಲೆ, ಒಂದು ಕೆಳಗೆ, ಮೂರನೆಯದು ಇಲ್ಲವೇ ಇಲ್ಲ. ಅದರ ಮೇಲೊಂದು ಟ್ರಾನ್ಸ್‌ಫಾರ್ಮರ್, ಪಕ್ಕದಲ್ಲಿ ಮನೆಯವರು ಕಾರು ಇಳಿಸಲು ಕಟ್ಟಿಕೊಂಡ ಇಳಿಜಾರು. ಜನ ರಸ್ತೆಗಿಳಿಯದೆ ಇನ್ನೇನು ಮಾಡಿಯಾರು? ಪಾದಚಾರಿ ಸೌಕರ್ಯಗಳ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ 103 ಎಂಬ ಕೈಪಿಡಿ ಇದೆ. ವಸತಿ ಪ್ರದೇಶದಲ್ಲೂ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಇರಬೇಕು, ಅಂಚಿನ ಕಲ್ಲು 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು ಎನ್ನುತ್ತದೆ ಅದು. ಮೊಣಕಾಲೆತ್ತರದ ಫುಟ್‌ಪಾತ್ ಕಟ್ಟಿ ‘ಗಾಡಿ ಹತ್ತದಂತೆ ಮಾಡಿದ್ದೇವೆ’ ಎನ್ನುವ ನಮ್ಮ ಎಂಜಿನಿಯರುಗಳು ಅದನ್ನು ಓದಿದ್ದಾರೋ ಇಲ್ಲವೋ, ಎಪ್ಪತ್ತು ದಾಟಿದವರ ಮಂಡಿಗಂತೂ ಉತ್ತರ ಗೊತ್ತಿದೆ.

ದುಡ್ಡಿನ ಆಕ್ಷೇಪಕ್ಕೂ ಪರವಾದಿಗಳ ಬಳಿ ಉತ್ತರವಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಯೋಜಿಸಿರುವ ಸುರಂಗ ರಸ್ತೆಯ ಉದ್ದ 17 ಕಿಲೋಮೀಟರಿನ ಆಸುಪಾಸು, ಅಂದಾಜು ವೆಚ್ಚ 17,000 ಕೋಟಿ ರೂಪಾಯಿಗೂ ಮೇಲೆ. ಕಿಲೋಮೀಟರಿಗೆ ಸಾವಿರ ಕೋಟಿ. ಆ ಸುರಂಗ ದ್ವಿಚಕ್ರದವರಿಗಲ್ಲ, ನಡೆಯುವವರಿಗಂತೂ ಅಲ್ಲವೇ ಅಲ್ಲ. ಅದನ್ನು ಅಭಿವೃದ್ಧಿ ಎಂದು ಕರೆದು, ಫುಟ್‌ಪಾತನ್ನು ದುಂದು ಎಂದು ಕರೆಯುವುದು ಯಾವ ನ್ಯಾಯ? ಕೇಳಬೇಕಾದ ಪ್ರಶ್ನೆಯೇ. ಆದರೆ ಇನ್ನೊಂದು ಯೋಜನೆ ದುಬಾರಿ ಎಂದ ಮಾತ್ರಕ್ಕೆ ಇದು ಅಗ್ಗವಾಗುವುದಿಲ್ಲ.

ಈಗ ಆಚೆ ಬದಿ. ಬೆಂಗಳೂರಿನ ರಸ್ತೆಗಳ ಒಟ್ಟು ಉದ್ದ ಸುಮಾರು 13,000 ಕಿಲೋಮೀಟರ್. ಟೆಂಡರ್‌ಶ್ಯೂರ್ ಮಾದರಿಗೆ ಬರಿ ಡಾಂಬರು ಹಾಕುವುದಕ್ಕಿಂತ ಹಲವು ಪಟ್ಟು ಖರ್ಚು. ಅಂದರೆ ಈ ವೇಗದಲ್ಲಿ, ಈ ದರದಲ್ಲಿ ಊರು ಮುಗಿಯುವುದು ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅನುಮಾನ. ಹಾಗಿರುವಾಗ ಮೊದಲು ಆರಿಸಿದ್ದು ಯಾವ ರಸ್ತೆಗಳು? ಕಬ್ಬನ್ ಪಾರ್ಕಿನಿಂದ ಕೂಗಳತೆಯವು, ಐಷಾರಾಮಿ ಮಾಲ್ ಇರುವವು, ಕ್ಲಬ್ಬುಗಳಿರುವವು. ಲಗ್ಗೆರೆಯಲ್ಲೋ ಕೆ.ಜಿ. ಹಳ್ಳಿಯಲ್ಲೋ ದಿನಾ ಗಾರ್ಮೆಂಟ್ಸಿಗೆ ನಡೆದು ಹೋಗುವ ಹೆಂಗಸರು ಬೆಂಗಳೂರಿನ ನಿಜವಾದ ಪಾದಚಾರಿಗಳು. ಅವರ ಪಾಲಿಗೆ ಬಂದದ್ದು ಅದೇ ಮೋರಿಚಪ್ಪಡಿ. ಪರವಾದಿಗಳು ‘ಮೊದಲು ನಡುಭಾಗದಲ್ಲಿ ಮಾದರಿ ತೋರಿಸಬೇಕಿತ್ತು, ಆಮೇಲೆ ಹರಡುತ್ತದೆ’ ಎಂದರು. ಅದು ಒಂದು ಮಟ್ಟಿಗೆ ಹರಡಿದ್ದೂ ಹೌದು. ಸ್ಮಾರ್ಟ್ ಸಿಟಿ ಹೆಸರಿನಲ್ಲಿ ಇನ್ನಷ್ಟು ರಸ್ತೆಗಳು ಇದೇ ಬಗೆಯಲ್ಲಿ ಆದವು. ಅವೂ ಬಹುಪಾಲು ಅದೇ ನಡುಭಾಗದಲ್ಲಿ.

ಹರಡಿದಾಗ ಏನಾಯಿತು ಎಂಬುದು ಇನ್ನೊಂದು ಕತೆ. ಕಮರ್ಷಿಯಲ್ ಸ್ಟ್ರೀಟಿನಲ್ಲಿ ಕೋವಿಡ್ ಕಾಲದ ಕಾಮಗಾರಿ ಮುಗಿದು 2021ರಲ್ಲಿ ಬೀದಿ ತೆರೆದರು. ಕೆಲವೇ ದಿನಗಳಲ್ಲಿ ಹಾಸಿದ ಕಲ್ಲು ಕುಸಿದು, ಮತ್ತೆ ಕಿತ್ತು ಹಾಸುವ ಕೆಲಸ ಶುರುವಾಯಿತು. ವ್ಯಾಪಾರಿಗಳ ಸಿಟ್ಟಿಗೆ ಹೆಸರು ಕೆಡಿಸುವ ಹುನ್ನಾರ ಬೇಕಿರಲಿಲ್ಲ. ಲಾಕ್‌ಡೌನಿನಲ್ಲಿ ಒಂದು ಸಲ, ಅಗೆತದಲ್ಲಿ ಒಂದು ಸಲ, ದುರಸ್ತಿಯಲ್ಲಿ ಇನ್ನೊಂದು ಸಲ ಅಂಗಡಿ ಮುಂದೆ ಗಿರಾಕಿ ಇಲ್ಲದಂತಾದರೆ ಯಾರಾದರೂ ಸಿಟ್ಟಾಗುತ್ತಾರೆ. ಕಾಮಗಾರಿಯ ಅವಧಿಯನ್ನು ಯೋಜನೆಯ ವೆಚ್ಚದಲ್ಲಿ ಯಾರೂ ಲೆಕ್ಕ ಹಿಡಿಯುವುದಿಲ್ಲ. ಅಂಗಡಿಯವನ ಬಾಡಿಗೆ ಮಾತ್ರ ತಿಂಗಳು ತಿಂಗಳು ಲೆಕ್ಕದಲ್ಲೇ ಇರುತ್ತದೆ.

ಬಸ್ಸಿನ ಪ್ರಶ್ನೆಯನ್ನು ಎರಡೂ ಕಡೆಯವರು ಸುಮ್ಮನೆ ದಾಟಿಬಿಡುತ್ತಾರೆ. ಲೇನ್ ಅಳೆದು ಕೊಟ್ಟ ರಸ್ತೆಯಲ್ಲಿ ಒಂದು ಆಟೊ ಅಂಚಿಗೆ ನಿಂತರೂ ಒಂದು ಸಾಲು ಸತ್ತಂತೆ, ಅದರ ಹಿಂದೆ ಬಿಎಂಟಿಸಿಯ ಬಸ್ಸು, ಅದರಲ್ಲಿ ಅರವತ್ತು ಜನ. ಕಾರಿನವರ ಗೊಣಗಾಟವನ್ನು ಪಕ್ಕಕ್ಕಿಡಬಹುದು, ಬಸ್ಸಿನವರದನ್ನು ಇಡಲಾಗದು. ಬಸ್ಸಿನಿಂದ ಇಳಿದವರೇ ಆ ಫುಟ್‌ಪಾತಿನ ಮೇಲೆ ನಡೆಯುವವರು.

ಎಲ್ಲಕ್ಕಿಂತ ತೂಕದ ಆಕ್ಷೇಪ ಬೀದಿ ವ್ಯಾಪಾರಿಗಳದು. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಎರಡೂ ಕಡೆಗೆ ಸಂವಿಧಾನದ ಬಲವಿದೆ. 1985ರಲ್ಲಿ ಮುಂಬೈನ ಫುಟ್‌ಪಾತ್ ವಾಸಿಗಳ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವನೋಪಾಯದ ಹಕ್ಕು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಫುಟ್‌ಪಾತಿನ ಮೇಲೇ ನೆಲೆಸುವ ಹಕ್ಕನ್ನು ಅದು ಕೊಡಲಿಲ್ಲ, ನಿಜ. ಎಬ್ಬಿಸುವುದಿದ್ದರೆ ನ್ಯಾಯಬದ್ಧ ಕ್ರಮದಲ್ಲಿ ಎಬ್ಬಿಸಿ ಎಂದಿತು. ನಾಲ್ಕು ವರ್ಷದ ನಂತರ ಸೋದನ್ ಸಿಂಗ್ ಪ್ರಕರಣದಲ್ಲಿ ಬೀದಿ ವ್ಯಾಪಾರವೂ ನಿರ್ಬಂಧಗಳಿಗೆ ಒಳಪಟ್ಟ ಮೂಲಭೂತ ಹಕ್ಕು ಎಂದಿತು. 2025ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ, ನಡೆಯಲು ಯೋಗ್ಯವಾದ, ಅಡೆತಡೆಯಿಲ್ಲದ ಫುಟ್‌ಪಾತ್ ಪಡೆಯುವುದು ಪಾದಚಾರಿಯ ಹಕ್ಕು, ಅದೂ 21ನೇ ವಿಧಿಯೊಳಗಿನದು ಎಂದು ಹೇಳಿತು. ಒಂದೇ ಆರಡಿ ಅಗಲದ ಕಲ್ಲುಹಾಸಿನ ಮೇಲೆ ಒಂದೇ ಸಂವಿಧಾನವನ್ನು ಹಿಡಿದ ಇಬ್ಬರು ಎದುರುಬದುರು.

ಈ ಇಕ್ಕಟ್ಟಿಗೆಂದೇ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂದದ್ದು. ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ ಆಗಬೇಕು, ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟಾದರೂ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಬರವಣಿಗೆ ಚೆನ್ನಾಗಿಯೇ ಇದೆ. ಆದರೆ ರಸ್ತೆಯ ನಕ್ಷೆ ಬರೆಯುವ ಮೇಜಿಗೂ ಆ ಸಮಿತಿಯ ಮೇಜಿಗೂ ನಡುವೆ ಯಾವ ದಾರಿಯೂ ಇಲ್ಲ. ಹೂವು ಮಾರುವವಳಿಗೆ ಯೋಜನೆ ಗೊತ್ತಾಗುವುದು ಜೆಸಿಬಿ ಬಂದ ದಿನ. ನಕ್ಷೆಯಲ್ಲಿ ಬೆಂಚಿಗೆ, ಗಿಡದ ಕುಂಡಕ್ಕೆ, ಅಲಂಕಾರದ ದೀಪಕ್ಕೆ ಜಾಗವಿರುತ್ತದೆ. ಮೂವತ್ತು ವರ್ಷದಿಂದ ಅಲ್ಲೇ ಕೂತಿದ್ದವಳಿಗೆ ಇರುವುದಿಲ್ಲ. ಪಾದಚಾರಿಯ ಪರವಾಗಿ ಮಾತಾಡುವವರು ಇದನ್ನು ‘ಅನುಷ್ಠಾನದ ಲೋಪ’ ಎಂದು ಬದಿಗಿಡುವುದನ್ನು ನಾನು ಒಪ್ಪಲಾರೆ. ಕುಂಡ ನೆನಪಾಗಿ ಮನುಷ್ಯರು ಮರೆತುಹೋಗುವುದು ಲೋಪವಲ್ಲ, ಆಯ್ಕೆ.

ಬಸವನಗುಡಿಯ ಗಾಂಧಿ ಬಜಾರು ಇದರ ಕಠಿಣ ಪರೀಕ್ಷೆ. ಅಲ್ಲಿ ಹೂವು, ಬಾಳೆಎಲೆ, ಹಣ್ಣು ಮಾರುವವರೇ ಬಜಾರು. ವರಮಹಾಲಕ್ಷ್ಮಿ, ಗೌರಿ–ಗಣೇಶದ ಹಿಂದಿನ ದಿನ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. 1943ರ ವಿದ್ಯಾರ್ಥಿ ಭವನದ ಮುಂದೆ ದೋಸೆಗೆ ಕಾಯುವವರ ಸಾಲು ಬೇರೆ. ನಗರ ಭೂಸಾರಿಗೆ ನಿರ್ದೇಶನಾಲಯದ ಮುತುವರ್ಜಿಯಲ್ಲಿ ಆ ಬೀದಿಯನ್ನು ನಡೆಯುವವರ ಬೀದಿಯಾಗಿ ಮಾಡುವ ಕೆಲಸ ಶುರುವಾದಾಗ ಅಂಗಡಿಯವರು ಪಾರ್ಕಿಂಗ್ ಹೋಯಿತೆಂದರು, ನಿವಾಸಿಗಳು ಮರಗಳ ಬೇರಿಗೆ ಏಟು ಬೀಳುತ್ತದೆಂದರು, ಬೀದಿ ವ್ಯಾಪಾರಿಗಳು ತಮ್ಮ ಜಾಗ ತಮಗೇ ಸಿಗುವುದೇ ಎಂದರು. ಕಾಮಗಾರಿ ಎಳೆದು ಹಬ್ಬಗಳನ್ನು ನುಂಗಿತು. ಇದೆಲ್ಲ ವಿರೋಧದ ಪಾಲಿನ ಸತ್ಯ. ಇನ್ನೊಂದು ಸತ್ಯವೂ ಇದೆ. ಗಾಂಧಿ ಬಜಾರಿಗೆ ಬರುವವರಲ್ಲಿ ದೊಡ್ಡ ಪಾಲು ಸುತ್ತಲಿನ ಬೀದಿಗಳಿಂದ ಕೈಚೀಲ ಹಿಡಿದು ನಡೆದು ಬರುವವರು. ಅಂಗಡಿ ಮುಂದೆ ಬೆಳಗಿನಿಂದ ನಿಲ್ಲುವ ಕಾರು ಎಷ್ಟೋ ಸಲ ಗಿರಾಕಿಯದಲ್ಲ, ಪಕ್ಕದ ಅಂಗಡಿಯವರದೇ. ಗಿರಾಕಿಗಳು ಹೇಗೆ ಬರುತ್ತಾರೆ ಎಂದು ಕೆಲಸಕ್ಕೆ ಮುಂಚೆ ಒಂದು ವಾರ ಬಾಗಿಲಲ್ಲಿ ನಿಂತು ಎಣಿಸಿದ್ದರೆ ಅರ್ಧ ಜಗಳ ಕರಗುತ್ತಿತ್ತೋ ಏನೋ.

ಚರ್ಚ್ ಸ್ಟ್ರೀಟನ್ನು ಎರಡೂ ಕಡೆಯವರು ತಮ್ಮ ಸಾಕ್ಷಿಯಾಗಿ ಕರೆಯುತ್ತಾರೆ. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಗೆ ಮುಕ್ಕಾಲು ಕಿಲೋಮೀಟರಿನಷ್ಟು ಬೀದಿ, 2018ರಲ್ಲಿ ಕಲ್ಲುಹಾಸಿ ತೆರೆದದ್ದು. 2020ರ ನವೆಂಬರಿನಿಂದ ಮುಂದಿನ ಫೆಬ್ರುವರಿವರೆಗೆ ವಾರಾಂತ್ಯಗಳಲ್ಲಿ ವಾಹನ ಸಂಚಾರ ನಿಲ್ಲಿಸಿ ನೋಡಿದರು. ಜನ ಬಂದರು, ಪುಸ್ತಕದಂಗಡಿಗಳೂ ಹೋಟೆಲುಗಳೂ ತುಂಬಿದವು. ಆದರೆ ಪ್ರಯೋಗ ಮುಗಿದ ಮೇಲೆ ಗಾಡಿಗಳು ಮರಳಿದವು. ನಡೆಯುವ ಪಾದಕ್ಕೆಂದು ಹಾಸಿದ ಕಲ್ಲಿನ ಮೇಲೆ ಸರಕಿನ ಟೆಂಪೊ ಓಡಿ ಕಲ್ಲುಗಳು ಸಡಿಲವಾದವು. 2024ರಲ್ಲಿ ಖಾಸಗಿ ಪ್ರತಿಷ್ಠಾನವೊಂದು ಬೀದಿಯನ್ನು ‘ದತ್ತು’ ತೆಗೆದುಕೊಂಡು ದುರಸ್ತಿಗೆ ಕೈಹಾಕಿತು. ದತ್ತು ತೆಗೆದುಕೊಳ್ಳಲು ಮಂದಿ ಸಿಗುವುದು ಚರ್ಚ್ ಸ್ಟ್ರೀಟಿಗೆ. ಲಗ್ಗೆರೆಗೆ ಸಿಗುತ್ತಾರೆಯೇ ಎಂದು ಕೇಳಿದರೆ ಪರವಾದಿಗಳು ಕೊಂಚ ತಡವರಿಸುತ್ತಾರೆ.

ಕೆಲವು ಸಮಸ್ಯೆಗಳಿಗೆ ಎಂಜಿನಿಯರನ ಬಳಿ ಉತ್ತರವೇ ಇಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಸಿಗ್ನಲ್ ಕೆಂಪಾದ ಕೂಡಲೇ ಫುಟ್‌ಪಾತ್ ಹತ್ತುವ ಸ್ಕೂಟರುಗಳನ್ನು ತಡೆಯಲು ಕಲ್ಲಿನ ಬೊಲಾರ್ಡ್ ನೆಡುತ್ತಾರೆ. ಸಾಮಾನ್ಯ ಸ್ಕೂಟರಿನ ಅಗಲ 70 ಸೆಂಟಿಮೀಟರಿನ ಆಸುಪಾಸು, ಗಾಲಿಕುರ್ಚಿಯದೂ ಹೆಚ್ಚುಕಡಿಮೆ ಅಷ್ಟೇ. ಸ್ಕೂಟರ್ ನುಗ್ಗದಷ್ಟು ಇಕ್ಕಟ್ಟು ಮಾಡಿದರೆ ಗಾಲಿಕುರ್ಚಿ ಹೊರಗುಳಿಯುತ್ತದೆ. ಗಾಲಿಕುರ್ಚಿಗೆ ಬೇಕಾದ 90 ಸೆಂಟಿಮೀಟರ್ ಬಿಟ್ಟರೆ ಸ್ಕೂಟರ್ ಆರಾಮಾಗಿ ಒಳಬರುತ್ತದೆ. ಕಣ್ಣು ಕಾಣದವರಿಗೆಂದು ಹಳದಿ ಉಬ್ಬುಹಾಸು ಹಾಕಿ, ಅದರ ದಾರಿಯಲ್ಲೇ ಬೊಲಾರ್ಡ್ ನೆಟ್ಟಿರುವುದನ್ನೂ ಕಂಡಿದ್ದೇನೆ. ಜಪಾನಿನಲ್ಲಿ 1965ರಲ್ಲಿ ಸೇಇಚಿ ಮಿಯಾಕೆ ಆ ಹಾಸನ್ನು ರೂಪಿಸಿದಾಗ ಇಂಥದ್ದೊಂದು ಬಳಕೆಯನ್ನು ಊಹಿಸಿರಲಾರ. ಬೊಲಾರ್ಡಿಗೆ ಪರ್ಯಾಯ ಎಂದರೆ ದಂಡ ಹಾಕುವ ಪೊಲೀಸ್ ಪೇದೆ, ಅವನಿಗೆ ಸಂಬಳ. ಅದು ಯಾವ ಟೆಂಡರಿನಲ್ಲೂ ಬರುವುದಿಲ್ಲ.

ಕೆರೆಯ ಸುತ್ತಲಿನ ನಡಿಗೆದಾರಿಗಳಲ್ಲಿ ಈ ತಕರಾರಿಗೆ ಬೇರೆ ರೂಪ. ನಡೆಯಲು ದಾರಿ ಇದ್ದರೆ ಜನ ಬರುತ್ತಾರೆ, ಜನ ಬಂದರೆ ಒತ್ತುವರಿ ನಿಲ್ಲುತ್ತದೆ, ರಾತ್ರೋರಾತ್ರಿ ಕಟ್ಟಡದ ತ್ಯಾಜ್ಯ ಸುರಿಯುವುದು ನಿಲ್ಲುತ್ತದೆ. ಈ ವಾದದಲ್ಲಿ ಹುರುಳಿದೆ. ಆದರೆ ದಾರಿ ಮಾಡಲು ಸುತ್ತ ಏರಿ ಎತ್ತರಿಸಿದರೆ, ಮೊಣಕಾಲುದ್ದ ನೀರು ನಿಲ್ಲುವ ಅಂಚು ಹೋಗಿ ಕೆರೆ ಕಡಿದಾದ ಗುಂಡಿಯಾಗುತ್ತದೆ. ಕೊಕ್ಕರೆ, ಗದ್ದೆಗೊರವಗಳು ಮೇಯುವುದು ಆ ಅಂಚಿನಲ್ಲೇ. ದನ ಮೇಯಿಸುವವರು, ಹುಲ್ಲು ಕೊಯ್ಯುವವರು ಇಳಿಯುತ್ತಿದ್ದದ್ದೂ ಅಲ್ಲೇ. ಅವರ ಪಾಲಿಗೆ ಬರುವುದು ಬೇಲಿ, ಗೇಟು, ಗೇಟಿಗೊಂದು ವೇಳೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯ ಪುನಶ್ಚೇತನದಲ್ಲಿ ಸ್ಥಳೀಯರೂ ಪರಿಸರ ತಜ್ಞರೂ ಮೊದಲಿನಿಂದ ಜೊತೆಗಿದ್ದರು. ಮೇವು ಕೊಯ್ಯುವವರನ್ನು ಹೊರಗಟ್ಟದೆ ನಡಿಗೆದಾರಿಯನ್ನೂ ಮಾಡಬಹುದೆಂದು ಅಲ್ಲಿ ಕಂಡಿತು. ರಾಜಕಾಲುವೆಯನ್ನೇ ನಡಿಗೆಯ ಹಾದಿ ಮಾಡುವ ಕೆ–100 ಯೋಜನೆಯ ಭವಿಷ್ಯ ಕಲ್ಲುಹಾಸಿಗಿಂತ, ಕಾಲುವೆಗೆ ಮನೆಗಳ ಕೊಳಚೆ ಸೇರುವುದು ನಿಲ್ಲುತ್ತದೆಯೇ ಎಂಬುದರ ಮೇಲೆ ನಿಂತಿದೆ. ನಾರುವ ಹೊಳೆಯ ಪಕ್ಕ ಯಾರು ನಡೆದಾರು?

ಇಷ್ಟೆಲ್ಲ ತೂಗಿದ ಮೇಲೆ ನನ್ನ ತಕ್ಕಡಿ ಒಂದು ಕಡೆಗೆ ಕೊಂಚ ವಾಲುತ್ತದೆ, ಪೂರ್ತಿ ಅಲ್ಲ. ನೆಲದ ಕೆಳಗಿನ ಕೆಲಸದ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಹತ್ತು ವರ್ಷದ ಹತ್ತಿರ ಬಂದರೂ ಆ ಮೊದಲ ಏಳು ರಸ್ತೆಗಳಲ್ಲಿ ಗುಂಡಿ ಅಪರೂಪ, ಮಿಕ್ಕ ಊರಿನಲ್ಲಿ ಡಾಂಬರು ಆರುವ ಮುಂಚೆ ಜಲಮಂಡಳಿಯೋ ಕೇಬಲ್ಲಿನವರೋ ಪಿಕಾಸಿ ಹಿಡಿದು ಬರುತ್ತಾರೆ. ಗಾರೆ ಬಣ್ಣ ಎಲ್ಲ ಮುಗಿದ ಮೇಲೆ ಗೋಡೆ ಕೊರೆದು ವೈರು ಎಳೆಯುವ ಮನೆಯಂತೆ ಊರನ್ನು ಕಟ್ಟುತ್ತಿದ್ದೇವೆ. ವೈಟ್‌ಟಾಪಿಂಗ್ ಎಂಬ ಕಾಂಕ್ರೀಟ್ ಹೊದಿಕೆಗೆ ಕೋಟಿಗಟ್ಟಲೆ ಸುರಿಯುವಾಗಲೂ ಇದೇ ಪ್ರಶ್ನೆ. ಕೆಳಗಿನ ಪೈಪುಗಳನ್ನು ಸರಿಪಡಿಸದೆ ಮೇಲೆ ಕಾಂಕ್ರೀಟ್ ಹಾಕಿದರೆ ಮುಂದಿನ ಸೋರಿಕೆಗೆ ಕಾಂಕ್ರೀಟನ್ನೇ ಒಡೆಯಬೇಕು.

ಗ್ರಾನೈಟಿನ ವಿಷಯದಲ್ಲಿ ವಿರೋಧಿಗಳ ಕಡೆ ಇದ್ದೇನೆ. ನಾಲ್ಕು ಮೀಟರಿನ ನುಣುಪು ಹಾಸು ಹತ್ತು ರಸ್ತೆಗೆ ಬೇಡ, 1.8 ಮೀಟರಿನ ಸಾದಾ ಕಾಂಕ್ರೀಟ್ ಹಾಸು, ಒಂದೇ ಎತ್ತರ, ಪ್ರತಿ ತಿರುವಿನಲ್ಲಿ ಇಳಿಜಾರು, ಕೆಳಗೆ ಕೊಳವೆ, ಇಷ್ಟೇ ನೂರು ರಸ್ತೆಗೆ ಬರಲಿ. ಮೊದಲ ಪಾಳಿ ಗಾರ್ಮೆಂಟ್ಸ್ ಇರುವ, ಸರ್ಕಾರಿ ಶಾಲೆ ಇರುವ, ಆಸ್ಪತ್ರೆ ಇರುವ ಬೀದಿಗಳದು. ಇದಕ್ಕೆ ಪರವಾದಿಗಳು ಹೇಳುವ ಮಾತೊಂದಿದೆ, ನನ್ನಿಂದ ಅದನ್ನು ಪೂರ್ತಿ ತಳ್ಳಿಹಾಕಲಾಗುತ್ತಿಲ್ಲ. ಮೊದಲ ಏಳು ರಸ್ತೆಗಳು ಕಣ್ಣಿಗೆ ಹೊಳೆಯದೆ ಸಾದಾ ಆಗಿದ್ದರೆ, ಫುಟ್‌ಪಾತ್ ಎಂಬುದು ಕೇಳಿ ಪಡೆಯಬೇಕಾದ ವಸ್ತು ಎಂದು ಈ ಊರಿಗೆ ಹೊಳೆಯುತ್ತಲೇ ಇರಲಿಲ್ಲ.

ವ್ಯಾಪಾರಿಗಳ ಜಾಗ ಟೆಂಡರಿಗೆ ಮುಂಚೆಯೇ ನಕ್ಷೆಯಲ್ಲಿ ಬೀಳಬೇಕು, ಅಳತೆ ಸಮೇತ. ಅದನ್ನು ಕೇಳಬೇಕಾದವರು ಯಾರು ಎಂಬಲ್ಲಿಗೆ ಬಂದಾಗ ಎರಡೂ ಕಡೆಯವರ ಕೈ ಖಾಲಿ. ಬಿಬಿಎಂಪಿಯ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಕಾರ್ಪೊರೇಟರುಗಳಿಲ್ಲದೆ ರಸ್ತೆಗಳು ಆದವು, ಅಗೆತಗಳು ಆದವು, ಎತ್ತಂಗಡಿಗಳೂ ಆದವು. 2025ರ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದಿವೆ. ಒಂದೇ ರಸ್ತೆ ಎರಡು ಪಾಲಿಕೆಗಳ ಗಡಿ ದಾಟುವ ಕಡೆ ನೆಲದಡಿಯ ಕೊಳವೆಗಳ ನಕ್ಷೆ ಯಾರ ಕಪಾಟಿನಲ್ಲಿರುತ್ತದೆ, ಚೇಂಬರಿನ ಬೀಗದ ಕೈ ಯಾರ ಬಳಿ ಇರುತ್ತದೆ ಎಂಬುದು ಇನ್ನು ಮುಂದೆ ಇತ್ಯರ್ಥವಾಗಬೇಕಾದ ವಿಷಯ.